ಹಾರ್ನ್ ಹೊಡೆದರೆ ಸೂಟಿ

ಸಾಲಿ ತಪಾಸಣೆಯ ಗಾಡಿಗೆ ಹೊಸದಾಗಿ ಡ್ರೈವರ್ ಆಗಿ ಸೇರುವ ತಮ್ಮಂದಿರಿಗೆ ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಗಾಡಿ ಓಡಿಸುವುದು ಬಹಳ ಸಣ್ಣ ಭಾಗ. ಎರಿ ಮಣ್ಣಿನಲ್ಲಿ ಗಾಲಿ ಹುಗಿದರೆ ಹೇಗೆ ಎತ್ತಬೇಕು, ಕಬ್ಬಿನ ಟ್ರ್ಯಾಕ್ಟರ್ ಎದುರಿಗೆ ಬಂದರೆ ಎಲ್ಲಿ ಸರಿಯಬೇಕು ಎಂಬುದನ್ನು ಒಂದು ಮಳೆಗಾಲದಲ್ಲಿ ಕಲಿತುಬಿಡುತ್ತೀರಿ. ಸಾಹೇಬರು ಸಾಲಿಯೊಳಗೆ ಹೋದ ಮೇಲೆ ನಿಮಗೆ ಚಹಾ ತಂದುಕೊಟ್ಟು, ಪಕ್ಕದಲ್ಲಿ ಕುಳಿತು, ‘ಮುಂದ ಯಾವ ಊರಿಗ್ರಿ?’ ಎಂದು ಮೆಲ್ಲಗೆ ಕೇಳುವವರಿಗೆ ಏನು ಹೇಳಬೇಕು ಎಂಬುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ನನಗೂ ಕಲಿಸಲಿಲ್ಲ. ನಾನು ಹೇಳಿದೆ. ಹೇಳುತ್ತಲೇ ಹೋದೆ. ಅದರಿಂದ ಏನಾಯಿತು ಎಂದು ಬರೆಯಲು ಕುಳಿತಿದ್ದೇನೆ. ಮಾಡಿದ್ದು ತಪ್ಪೆಂದು ಗೊತ್ತಿದೆ. ಆದರೆ ತಪ್ಪು ಎಲ್ಲಿ ಶುರುವಾಯಿತು ಎಂದು ಹುಡುಕಹೋದರೆ ಪ್ರತಿ ಸಲವೂ ಬೇರೆ ಬೇರೆ ಕಡೆಗೆ ಹೋಗಿ ನಿಲ್ಲುತ್ತೇನೆ.

ನನ್ನ ಹೆಸರು ದಸ್ತಗೀರಸಾಬ. ಸವದತ್ತಿಯವನು. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ನಮ್ಮ ಚಿಕ್ಕಪ್ಪನ ಟೆಂಪೊ ಓಡಿಸಿ, ಆಮೇಲೆ ಸಾಲಿಗಳನ್ನು ತಪಾಸಣೆ ಮಾಡುವ ಸಾಹೇಬರ ಜೀಪಿಗೆ ಬಂದೆ. ಮೊದಲು ಬೈಲಹೊಂಗಲ, ಕಿತ್ತೂರು ಕಡೆ, ಆಮೇಲೆ ಸವದತ್ತಿ, ಕೊನೆಗೆ ರಾಮದುರ್ಗ. ಕೆಲಸ ಕಾಯಂ ಆಗಿದ್ದು, ಪಗಾರ ಏರಿದ್ದು ಇಲ್ಲಿ ಬೇಡ.

ಹಾರ್ನಿನ ಕಥೆ ಶುರುವಾದದ್ದು ಬೈಲಹೊಂಗಲ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಒಂದೇ ಕೋಣೆ, ಒಬ್ಬರೇ ಟೀಚರ್. ನಾವು ಹೋದಾಗ ಆ ಅಕ್ಕೋರು ತಮ್ಮ ಕೂಸಿಗೆ ಜ್ವರ ಬಂದಿದೆ ಎಂದು ಸಾಲಿಯ ತೊಲೆಗೇ ಸೀರೆಯ ತೊಟ್ಟಿಲು ಕಟ್ಟಿ, ಒಂದು ಕೈಯಲ್ಲಿ ತೂಗುತ್ತಾ ಇನ್ನೊಂದು ಕೈಯಲ್ಲಿ ಮಗ್ಗಿ ಬರೆಯುತ್ತಿದ್ದರು. ಸಾಹೇಬರು ಮಕ್ಕಳ ಎದುರಿಗೇ ಆಕೆಯನ್ನು ಬೈದರು. ಬೈಗುಳ ದೊಡ್ಡದಲ್ಲ, ಆದರೆ ಅಕ್ಕೋರು ಅತ್ತರು, ಅದನ್ನು ನೋಡಿ ಮಕ್ಕಳೂ ಅತ್ತವು. ಮುಂದಿನ ಸಲ ಆ ಊರಿನ ತಿರುವಿಗೆ ಬಂದಾಗ, ಎದುರಿಗೆ ದನ ಇಲ್ಲದಿದ್ದರೂ ಉದ್ದಕ್ಕೆ ಹಾರ್ನ್ ಒತ್ತಿದೆ. ನಾವು ಹೋಗುವಷ್ಟರಲ್ಲಿ ತೊಟ್ಟಿಲು ಬಿಚ್ಚಿ, ಕೂಸನ್ನು ಪಕ್ಕದ ಮನೆಗೆ ಕಳಿಸಿದ್ದರು. ಸಾಹೇಬರು ಸಂತೋಷಪಟ್ಟರು. ಹೊರಡುವಾಗ ಅಕ್ಕೋರು ನನ್ನ ಕಡೆ ನೋಡಿ ತಲೆ ತುಸು ಬಾಗಿಸಿದರು. ಅಂದು ಪುಣ್ಯದ ಕೆಲಸ ಮಾಡಿದೆ ಎಂದುಕೊಂಡು ಮನೆಗೆ ಬಂದೆ. ಇವತ್ತಿಗೂ ಅದನ್ನು ಪಾಪ ಎನ್ನಲು ಬಾಯಿ ಬರುವುದಿಲ್ಲ. ಅಲ್ಲಿಂದ ಮುಂದಕ್ಕೆ ಯಾವ ಹಾರ್ನ್ ಪಾಪದ್ದು, ನೀವೇ ಹೇಳಬೇಕು.

ಒಬ್ಬ ಅಕ್ಕೋರಿಗೆ ಒತ್ತಿದ ಹಾರ್ನನ್ನು ಇನ್ನೊಬ್ಬ ಮಾಸ್ತರರಿಗೆ ಹೇಗೆ ಒತ್ತದೆ ಇರುವುದು? ಎಲ್ಲ ಸಾಲಿಗಳಿಗೂ ಗೊತ್ತಾಯಿತು. ಉದ್ದಕ್ಕೆ ಒಂದು ಹಾರ್ನ್ ಎಂದರೆ ಸಾಹೇಬರು ಬಂದರು. ನಡುವೆ ಬಿಟ್ಟು ಎರಡು ಎಂದರೆ ಸಾಹೇಬರ ಸಿಟ್ಟು ಇವತ್ತು ಮೂಗಿನ ಮೇಲೆ ಇದೆ.

ಸಾಹೇಬರೂ ನಮೂನೆ ನಮೂನೆಯವರು. ಒಬ್ಬರು ಇದ್ದರು, ದೊಡ್ಡ ದೈವಭಕ್ತರು. ಅವರ ತಪಾಸಣೆಗೆ ಯಾವಾಗಲೂ ದೇವಸ್ಥಾನದ ದಾರಿಯ ಸಾಲಿಗಳೇ ಬೀಳುತ್ತಿದ್ದವು. ದೇಗಾಂವದ ಕಮಲನಾರಾಯಣನ ಗುಡಿಯ ಸುತ್ತಿನ ಮಕ್ಕಳು ಅವರನ್ನು ಎಷ್ಟು ನೋಡಿದ್ದವೆಂದರೆ ಅವರೂ ಪೂಜಾರಿಯ ಪೈಕಿಯವರು ಎಂದೇ ತಿಳಿದಿದ್ದವು. ಇನ್ನೊಬ್ಬರು ಎಲ್ಲ ಸಾಲಿಯಲ್ಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಮಲಪ್ರಭಾ ನದಿ ಹುಟ್ಟುವುದು ಎಲ್ಲಿ? ಚಹಾ ಕುಡಿಯುತ್ತಾ ನಾನೇ ಆ ಪ್ರಶ್ನೆಯನ್ನು ಊರಿಂದ ಊರಿಗೆ ದಾಟಿಸಿದೆ. ತಾಲೂಕಿನ ಮಕ್ಕಳೆಲ್ಲ ಕಣಕುಂಬಿ ಎಂದು ಕೂಗಿದವು. ಸಾಹೇಬರು ಶಿಕ್ಷಣ ಸುಧಾರಿಸಿದೆ ಎಂದು ಮೇಲಕ್ಕೆ ಬರೆದರು. ನವಿಲುತೀರ್ಥದ ಕೆಳಗಿನ ಒಂದು ಊರಿನಲ್ಲಿ ಸಾಲಿಯ ಹಿಂದೆಯೇ ಅದೇ ಮಲಪ್ರಭೆಯ ನೀರು ಹರಿಯುತ್ತಿತ್ತು. ಹಾಗೆ ಕೂಗಿದ ಹುಡುಗನೊಬ್ಬನನ್ನು, ಅದೇನಪ್ಪ ಹಿಂದೆ ಹರಿಯುವುದು ಎಂದು ಸುಮ್ಮನೆ ಕೇಳಿದೆ. ಅವನು ತಿರುಗಿ ನೋಡಿ, ‘ಅದು ಹೊಳಿರಿ’ ಎಂದ. ನಾನು ನಕ್ಕೆ. ನಗುವಂಥದ್ದು ಎಂದೇ ಅನ್ನಿಸಿತ್ತು.

ಕಲಿಸುವ ರೀತಿಯೂ ಮೇಲಿಂದ ಮೇಲೆ ಬದಲಾಯಿತು. ಮೊದಲು ಪುಸ್ತಕ, ಆಮೇಲೆ ಕಾರ್ಡು, ಆಮೇಲೆ ಗುಂಪಿನಲ್ಲಿ ದುಂಡಗೆ ಕೂರಿಸುವುದು, ಆಮೇಲೆ ಗೋಡೆಗೆಲ್ಲ ಬಣ್ಣ. ನಮ್ಮ ಕಡೆಯ ರೀತಿಯೂ ಬದಲಾಯಿತು. ಹಾರ್ನ್ ಹೋಗಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮೂಲಕ ಸುದ್ದಿ, ಆಮೇಲೆ ಮಿಸ್ಡ್ ಕಾಲ್. ಈಗಂತೂ ಗಾಡಿ ಗೇಟು ದಾಟುವುದರೊಳಗೆ ಎಲ್ಲರ ಮೊಬೈಲಿಗೂ ಹೋಗಿರುತ್ತದೆ, ಡ್ರೈವರ್ ಬೇಕಾಗಿಯೇ ಇಲ್ಲ ಎನ್ನುತ್ತಾರೆ. ಆದರೆ ರಾಮದುರ್ಗದ ಕಡೆ, ತೊರಗಲ್ಲ ದಾಟಿದ ಮೇಲಿನ ಊರುಗಳಲ್ಲಿ ಆಗ ಮೊಬೈಲ್ ಹಿಡಿಯುತ್ತಿರಲಿಲ್ಲ. ಅಲ್ಲಿ ಹಾರ್ನೇ ನಡೆಯುತ್ತಿತ್ತು.

ಆ ಕಡೆಯ ಒಂದು ಊರಿಗೆ ನನ್ನ ತಂಗಿ ಹಸೀನಾಳನ್ನು ಕೊಟ್ಟಿದ್ದೆವು. ಗಂಡ ಮೌಲಾಸಾಬ, ಪಂಕ್ಚರ್ ಅಂಗಡಿ. ಮಗಳು ರೇಷ್ಮಾ ಊರಿನ ಸಾಲಿಗೇ ಹೋಗುತ್ತಿದ್ದಳು. ಅಲ್ಲಿ ಹೆಡ್‌ಮಾಸ್ತರರು ಜೋಶಿಯವರು. ವೇದ ಓದಿದ ಮನೆತನ, ತಲೆಯ ಮೇಲೆ ಕರಿ ಟೊಪ್ಪಿಗೆ, ಒಬ್ಬರಿಗೂ ಏಕವಚನ ಆಡಿದವರಲ್ಲ. ಏಳು ತರಗತಿ, ಇಬ್ಬರೇ ಮಾಸ್ತರರು. ಒಂದು ತರಗತಿಗೆ ಬರೆಯಲು ಹಚ್ಚಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೂರನೆಯದು ಜಗಳಕ್ಕೆ ಬಿದ್ದಿರುತ್ತಿತ್ತು.

ಹಾರ್ನ್ ಕೇಳಿದ ಕೂಡಲೇ ಜೋಶಿ ಮಾಸ್ತರರು ಓದಲು ಬಾರದ ಮಕ್ಕಳನ್ನು ಹಿತ್ತಿಲ ಬಾಗಿಲಿನಿಂದ ಹಳ್ಳದ ಕಡೆ ಕಳಿಸುತ್ತಿದ್ದರು. ಇದು ನನಗೆ ಗೊತ್ತಿತ್ತು. ಎಲ್ಲ ಕಡೆಯೂ ಇದೇ ರೂಢಿ. ಎಲ್ಲಿಗೆ ಕಳಿಸುತ್ತಿದ್ದರು ಎನ್ನುವುದಷ್ಟೇ ಬೇರೆ: ಒಂದೂರಲ್ಲಿ ಹೊಲಕ್ಕೆ, ಒಂದೂರಲ್ಲಿ ಗುಡಿಗೆ. ಒಮ್ಮೆ ನಾನೇ ಮಾಸ್ತರರನ್ನು ಇದು ಸರಿಯೇ ಎಂದು ಕೇಳಿದ್ದೆ. ಅವರು ಸಿಟ್ಟಾಗಲಿಲ್ಲ. ‘ದಸ್ತಗೀರಸಾಬರ, ಅವರನ್ನ ನೋಡಿದ್ರ ಸಾಹೇಬರು ಇನ್ನೊಬ್ಬ ಮಾಸ್ತರನ್ನ ಕಳಸ್ತಾರೇನು? ನೋಟಿಸ್ ಕಳಸ್ತಾರ’ ಎಂದರು. ಮುಂದಿನ ಸಲವೂ ಆ ತಿರುವಿನಲ್ಲಿ ಹಾರ್ನ್ ಒತ್ತಿದೆ.

ಈ ಉಪಕಾರಕ್ಕೆ ಜೋಶಿ ಮಾಸ್ತರರು ನನಗೆ ಕೊಡುತ್ತಿದ್ದದ್ದು ಒಂದೇ, ಒಳ್ಳೆಯ ಮಾತು. ಪ್ರತಿ ಸಲವೂ ಜೀಪಿನ ಹತ್ತಿರ ಬಂದು ನಿಮ್ಮ ತಂಗಿಯ ಮಗಳು ಬಲು ಶಾಣ್ಯಾ ಎನ್ನುತ್ತಿದ್ದರು. ಆ ಮಾತನ್ನು ನಾನು ಬೆಚ್ಚಗೆ ಎತ್ತಿಕೊಂಡು ಹೋಗಿ ಹಸೀನಾಳ ಮನೆಯಲ್ಲಿ ಊಟಕ್ಕೆ ಕುಳಿತು ಹೇಳುತ್ತಿದ್ದೆ. ಮೌಲಾಸಾಬನಿಗೆ ಏಳನೇ ಇಯತ್ತೆ ಆದ ಮೇಲೆ ಸಾಲಿ ಬಿಡಿಸುವ ಮನಸ್ಸು. ನಾನು ಬಿಡಲಿಲ್ಲ. ಮಾಸ್ತರರೇ ಶಾಣ್ಯಾ ಎನ್ನುತ್ತಾರೆ, ರಾಮದುರ್ಗದ ಹೈಸ್ಕೂಲಿಗೆ ಹಾಕು, ನಾನು ನೋಡಿಕೊಳ್ಳುತ್ತೇನೆ ಎಂದೆ. ಅವನು ಬಹಳ ದಿನ ಯೋಚಿಸಿ, ನಿನ್ನ ಮಾತಿನ ಮೇಲೆ ಹೂಂ ಎನ್ನುತ್ತೇನೆ ಎಂದ. ಅವಳು ಹೈಸ್ಕೂಲಿಗೆ ಹೋಗುವುದು ಈಗ ನನ್ನ ಆ ಒಂದು ಮಾತನ್ನೇ ನಂಬಿಕೊಂಡಿತ್ತು.

ಆ ವರ್ಷ ಸಾಹೇಬರ ಜಾಗಕ್ಕೆ ಧಾರವಾಡದಿಂದ ಶಾಂತಾ ಮೇಡಂ ಬಂದರು. ದಪ್ಪ ಕನ್ನಡಕ, ಮಾತು ಕಡಿಮೆ, ಗಾಡಿಯಲ್ಲಿ ಶೇಂಗಾ ತಿನ್ನುವ ಚಟ. ಒಂದು ದಿನ ತಂಗಿಯ ಊರಿಗೆ ಹೊರಟೆವು. ತಿರುವಿನಲ್ಲಿ ನಾನು ಎಂದಿನಂತೆ ಉದ್ದಕ್ಕೆ ಹಾರ್ನ್ ಒತ್ತಿದೆ. ಒತ್ತಿ ಸ್ವಲ್ಪ ಮುಂದಕ್ಕೆ ಬಂದಿದ್ದೇನೆ, ಮೇಡಂ ಮನಸ್ಸು ಬದಲಿಸಿದರು. ಹಳ್ಳದ ಆಚೆ ಹೊಲಮನೆಗಳ ಮಕ್ಕಳು ಸಾಲಿಗೆ ಹೇಗೆ ಬರುತ್ತವೆ ನೋಡೋಣ, ಚಕ್ಕಡಿ ದಾರಿ ಹಿಡಿಯಿರಿ ಎಂದರು. ದಾರಿ ಸರಿ ಇಲ್ಲ ಎಂದೆ. ನಿಧಾನಕ್ಕೆ ಹೋಗ್ರಿ ಎಂದರು. ಹೋದೆ. ಹಳ್ಳಕ್ಕೆ ಇಳಿಯುವಲ್ಲಿ ಎದುರಿಗೆ ಮಕ್ಕಳ ಒಂದು ಸಾಲು ಬರುತ್ತಿತ್ತು. ಜೀಪು ನೋಡಿ ಓಡಬೇಕಿತ್ತು, ಓಡಲಿಲ್ಲ. ನಗುತ್ತಾ ಹತ್ತಿರಕ್ಕೇ ಬಂದವು.

ಮೇಡಂ ಇಳಿದರು. ‘ಎಲ್ಲಿಗೆ ಹೊಂಟೀರಿ?’

‘ಹಳ್ಳಕ್ಕರಿ’ ಎಂದ ಮುಂದಿದ್ದವನು.

‘ಇವತ್ತ ಸಾಲಿ ಇಲ್ಲೇನು?’

‘ಐತ್ರಿ. ಜೀಪ ಬರಾಕತ್ತೈತಿ, ಹೋಗ್ರಿ ಅಂದ್ರು ಮಾಸ್ತರು.’

‘ಯಾವ ಜೀಪ?’

ಅವನು ಜೀಪನ್ನೂ ಮೇಡಂ ಅವರನ್ನೂ ನೋಡಿದ. ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ, ‘ಇದರಿ’ ಎಂದ.

ಆಗ ಹಿಂದಿನಿಂದ ಒಬ್ಬಳು ಮುಂದೆ ಬಂದಳು. ರೇಷ್ಮಾ. ಅವಳನ್ನು ಆ ಸಾಲಿನಲ್ಲಿ ನೋಡಿ ನನಗೆ ಮೊದಲು ಅನ್ನಿಸಿದ್ದು, ಶಾಣ್ಯಾ ಹುಡುಗಿ, ಸಣ್ಣವರನ್ನು ಕರೆದುಕೊಂಡು ಹೋಗಲು ಮಾಸ್ತರರು ಜೊತೆಗೆ ಕಳಿಸಿರಬೇಕು ಎಂದು. ಅವಳು ಬಾನೆಟ್ ಮೇಲೆ ಕೈ ಇಟ್ಟು, ಗೆಳತಿಯರಿಗೂ ಕೇಳುವ ಹಾಗೆ ಮೇಡಂ ಅವರಿಗೆ ಹೇಳಿದಳು: ‘ಇದು ನಮ್ಮ ಮಾಮೂನ ಜೀಪರಿ. ಮಾಮು ಹಾರ್ನ್ ಹೊಡದ್ರ ನಮಗ ಸೂಟಿ.’

ಇಷ್ಟು ವರ್ಷ ಅವಳು ಹೀಗೆಯೇ ತಿಳಿದುಕೊಂಡಿದ್ದಳು. ತನ್ನ ಮಾಮು ಊರಿಗೆ ಬಂದಾಗಲೆಲ್ಲ ತನಗೆ ರಜೆ ಕೊಡಿಸುತ್ತಾನೆ ಎಂದು.

ಮೇಡಂ ನನ್ನ ಕಡೆ ನೋಡಲಿಲ್ಲ. ಜೀಪಿನ ಬಾಗಿಲಿನ ಮೇಲೆ ‘ಕರ್ನಾಟಕ ಸರ್ಕಾರ’ ಎಂದು ದಪ್ಪಗೆ ಬರೆದಿತ್ತು. ಅದನ್ನು ತೋರಿಸಿ, ಏನು ಬರೆದಿದೆ ಓದು ನೋಡೋಣ ಎಂದರು. ರೇಷ್ಮಾ ತಡಮಾಡಲಿಲ್ಲ. ‘ನಮ್ಮ ಮಾಮೂನ ಹೆಸರರಿ’ ಎಂದಳು. ಅವಳು ಆಗ ಆರನೇ ಇಯತ್ತೆ.

ಮಕ್ಕಳನ್ನೆಲ್ಲ ಜೀಪಿಗೆ ಹತ್ತಿಸಿಕೊಂಡು ಸಾಲಿಗೆ ಹೋದೆವು. ಅವಕ್ಕೆ ಜಾತ್ರೆ. ಜೋಶಿ ಮಾಸ್ತರರು ಬಾಗಿಲಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದರು, ಹಾಗೆಯೇ ನಿಂತರು. ಮೇಡಂ ಪಡಸಾಲೆಯಲ್ಲಿ ಆ ಮಕ್ಕಳ ಜೊತೆ ಕುಳಿತು ಸಂಜೆಯವರೆಗೆ ಒಂದೊಂದನ್ನೇ ಮಾತಾಡಿಸಿದರು. ವಾಪಸು ಬರುವಾಗ ತೊರಗಲ್ಲ ದಾಟಿದ ಮೇಲೆ ಕೇಳಿದರು: ‘ಎಷ್ಟು ಸಾಲಿಗೆ ಹಾರ್ನ್ ಹೊಡೀತೀರಿ?’

‘ಎಲ್ಲಾ ಸಾಲಿಗೂ ರೀ’ ಎಂದೆ.

ಅವರು ಶೇಂಗಾದ ಪೊಟ್ಟಣ ಮಡಚಿಟ್ಟರು. ‘ಹಂಗಾದ್ರ ನಾ ಇನ್ನೂ ಒಂದು ಸಾಲೀನೂ ನೋಡಿಲ್ಲ’ ಎಂದರು.

ನೌಕರಿ ಹೋಯಿತು ಎಂದುಕೊಂಡೆ. ಹೋಗಲಿಲ್ಲ. ಮಾರನೆಯ ದಿನ ಮೇಡಂ, ಹಾರ್ನ್ ಹೊಡೆಯುವುದನ್ನು ಬಿಡಬೇಡಿ, ಆದರೆ ಎಲ್ಲ ಸಾಲಿಗೂ ಒಂದು ಮಾತು ಮುಟ್ಟಿಸಿ ಎಂದರು. ಇನ್ನು ಮೇಲೆ ಮೇಡಂ ಬಂದಾಗ ಚೆನ್ನಾಗಿ ಓದುವ ಮಕ್ಕಳು ಆಡಲು ಹೋಗಲಿ, ಓದಲು ಬಾರದವರು ಕೂರಲಿ. ನೋಟಿಸ್ ಇಲ್ಲ, ಬೈಗುಳ ಇಲ್ಲ. ನನಗೆ ತಲೆ ಬುಡ ತಿಳಿಯಲಿಲ್ಲ. ಮಾಸ್ತರರಿಗೂ ತಿಳಿಯಲಿಲ್ಲ. ಕೆಲವರು ನಮ್ಮಲ್ಲಿ ಅಂಥವರೇ ಇಲ್ಲ ಎಂದರು. ಕೆಲವರು ನಿಜವಾಗಿ ಕೂರಿಸಿದರು, ಅಲ್ಲಿ ಮೇಡಂ ಮಾಸ್ತರರ ಜೊತೆಗೇ ಕುಳಿತು ಅಕ್ಷರ ತಿದ್ದಿಸಿದರು, ಕೆಲಸವೂ ನಡೆಯಿತು. ಆದರೆ ತಿಂಗಳು ಬಿಟ್ಟು ಬಂದು ಎಷ್ಟು ಮುಂದಕ್ಕೆ ಬಂದಿವೆ ನೋಡುತ್ತಾರೆ ಎಂದು ಗೊತ್ತಾದ ಮೇಲೆ ಬೇರೆಯೇ ಶುರುವಾಯಿತು. ಸವದತ್ತಿ ಗಡಿಯ ಒಂದೂರಿನಲ್ಲಿ ಒಬ್ಬ ಹುಡುಗ ಒಂದೊಂದು ಅಕ್ಷರಕ್ಕೂ ಮುಕ್ಕರಿಯುತ್ತಾ ಓದಿದ. ಮೇಡಂ ಪುಟ ತಿರುವಿದರು. ಅಲ್ಲಿ ಮಂಗನ ಕಥೆ ಇತ್ತು. ಹುಡುಗ ಮೈಮರೆತು ಸರಸರನೆ ಓದಿ ಮುಗಿಸಿ, ನಡುವೆ ನಕ್ಕೂ ಬಿಟ್ಟ. ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡು, ‘ಸಾವಕಾಶ ಓದು ಅಂತ ಮಾಸ್ತರು ಹೇಳ್ಯಾರ್ರಿ’ ಎಂದ. ಈ ತಿಂಗಳು ತಡವರಿಸಿದರೆ ತಾನೇ ಮುಂದಿನ ತಿಂಗಳು ಸುಧಾರಿಸಿದ ಹಾಗೆ ಕಾಣುವುದು. ಮೇಡಂ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ನಗುತ್ತಿದ್ದರೋ ಏನೋ, ಬಾಗಿಲಲ್ಲಿ ನಿಂತ ನನಗೆ ಕಾಣಲಿಲ್ಲ. ಒಳ್ಳೆಯದಕ್ಕೆ ಮಾಡಿದ್ದಕ್ಕೂ ಜನ ಹೀಗೆ ದಾರಿ ಹುಡುಕಿಕೊಂಡರೆ ಒಳ್ಳೆಯದನ್ನು ಮಾಡುವುದು ಹೇಗೆ?

ಇನ್ನು ನನ್ನ ಮಾತಿಗೆ ಬರುತ್ತೇನೆ. ಹಳ್ಳದ ಸುದ್ದಿ ಮೌಲಾಸಾಬನ ಅಂಗಡಿಗೆ ಹೋಗದೆ ಇರುತ್ತದೆಯೇ? ಮುಂದಿನ ವಾರ ಹೋದಾಗ ಹಸೀನಾ ಊಟಕ್ಕೆ ಏಳು ಎನ್ನಲಿಲ್ಲ. ನಮ್ಮ ಮನೆಮಾತು ಉರ್ದು. ಮೌಲಾಸಾಬ ಅಂದದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. ಅವನು ಕೂಗಾಡಲಿಲ್ಲ. ‘ಒಂದೇ ಕೇಳತೇನಿ ಭಾಯಿ. ತಪ್ಪು ಮಾಸ್ತರಂದೋ, ಹುಡುಗಿದೋ?’ ಎಂದ.

ಮಾಸ್ತರರದು ಎಂದರೆ ಮುಂದಿನ ಪ್ರಶ್ನೆ ಹಾರ್ನಿಗೆ ಬರುತ್ತಿತ್ತು. ತಪಾಸಣೆಗೆ ಬಂದವರು ಆರು ವರ್ಷ ಅವಳನ್ನು ನೋಡದೆ ಹೋದದ್ದು ಯಾರಿಂದ ಎನ್ನುವಲ್ಲಿಗೆ ಬರುತ್ತಿತ್ತು. ‘ಹುಡುಗಿ ತಲಿಗೆ ಹತ್ತೂದಿಲ್ಲ, ಏನ ಮಾಡೂದು’ ಎಂದೆ.

ಇಷ್ಟೇ ನಾನು ಅಂದದ್ದು. ನನ್ನನ್ನೂ ಜೋಶಿ ಮಾಸ್ತರರನ್ನೂ ಒಂದೇ ಮಾತಿನಲ್ಲಿ ಉಳಿಸಿಕೊಂಡೆ. ಮೌಲಾಸಾಬ ತಲೆಯಾಡಿಸಿ, ಹಾಗಾದರೆ ಏಳನೆಯದಕ್ಕೆ ಸಾಕು ಎಂದ.

ಜೋಶಿ ಮಾಸ್ತರರು ನನ್ನ ಹಾಗಲ್ಲ. ಮೇಡಂ ಹೇಳಿದ್ದಕ್ಕೋ, ತಮಗೇ ಚುರುಕು ಮುಟ್ಟಿತೋ, ಆ ವರ್ಷವೆಲ್ಲ ಸಾಲಿ ಬಿಟ್ಟ ಮೇಲೆ ಹಳ್ಳದ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದರು. ರೇಷ್ಮಾ ನನ್ನ ಜೊತೆ ಮಾತು ಬಿಟ್ಟಿದ್ದಳು. ಸೂಟಿ ಹೋಯಿತೆಂದು ಸಿಟ್ಟು ಎಂದುಕೊಂಡು ಸುಮ್ಮನಿದ್ದೆ. ಏಳನೆಯ ಪರೀಕ್ಷೆ ಆದ ಮೇಲೆ ಮಾಸ್ತರರು, ನಾನೊಬ್ಬನೇ ಹೋದರೆ ಸರಿಯಾಗದು, ನೀವೂ ಬನ್ನಿ ಎಂದು ನನ್ನನ್ನೂ ಕರೆದುಕೊಂಡು ಮೌಲಾಸಾಬನ ಮನೆಗೆ ಹೋದರು. ಅಂಥವರು ಆ ಮನೆಯ ಹೊಸ್ತಿಲು ದಾಟಿ ಚಾಪೆಯ ಮೇಲೆ ಕುಳಿತರು. ಹುಡುಗಿಗೆ ಈಗ ಓದಲು ಬರುತ್ತದೆ, ಹೈಸ್ಕೂಲಿಗೆ ಕಳಿಸಿರಿ ಎಂದರು. ಅದು ನಿಜವಾಗಿತ್ತು.

ಮೌಲಾಸಾಬ ಮರ್ಯಾದೆಯಿಂದಲೇ ಹೇಳಿದ: ‘ಗುರುಗಳ, ಹಿಂದಕ್ಕೂ ನೀವು ಹಿಂಗ ಅಂದಿದ್ರಿ.’ ಆಮೇಲೆ ನನ್ನ ಕಡೆ ತಿರುಗಿ ನೀನು ಏನನ್ನುತ್ತಿ ಎಂದು ಕೇಳಿದ. ನಾನು ಏನನ್ನಲಿ? ತಲೆಗೆ ಹತ್ತುವುದಿಲ್ಲ ಎಂದಿದ್ದು ನಾನೇ, ಶಾಣ್ಯಾ ಎಂದಿದ್ದೂ ನಾನೇ. ಮಾಸ್ತರರು ಹೇಳಿದ ಮೇಲೆ ಇನ್ನೇನು ಎಂದು ಏನೋ ಗೊಣಗಿದೆ. ಅವನಿಗೆ ಅದು ಸಾಲಲಿಲ್ಲ. ರೇಷ್ಮಾಳ ಸಾಲಿ ಅಲ್ಲಿಗೆ ಮುಗಿಯಿತು.

ಈಗ ಅವಳು ಬೈಲಹೊಂಗಲದಲ್ಲಿದ್ದಾಳೆ. ಗಂಡ ಲಾರಿ ಓಡಿಸುತ್ತಾನೆ, ಇವಳು ಮನೆಯಲ್ಲಿ ಹೊಲಿಗೆ ಹೊಲಿಯುತ್ತಾಳೆ. ನಾನು ನಿವೃತ್ತನಾದ ಮೇಲೆ, ಹೇಳಿಬಿಡಬೇಕು ಎಂದು ಒಂದು ದಿನ ಹೋದೆ. ಹೇಳಿದೆ. ಹಾರ್ನಿನದ್ದು ಅವಳಿಗೆ ಗೊತ್ತೇ ಇತ್ತು. ಆ ಮಾತಿನದ್ದನ್ನೂ ಹೇಳಿದೆ, ನಿನ್ನ ಅಪ್ಪ ಕೇಳಿದಾಗ ನಿನಗೆ ತಲೆಗೆ ಹತ್ತುವುದಿಲ್ಲ ಎಂದಿದ್ದೆ, ನನ್ನನ್ನು ಮಾಫ್ ಮಾಡು ಎಂದೆ. ಅವಳು ಮಷಿನ್ ನಿಲ್ಲಿಸಲಿಲ್ಲ.

‘ಗೊತ್ತೈತಿ ಮಾಮು. ಒಳಗ ರೊಟ್ಟಿ ಮಾಡಾಕತ್ತಿದ್ದೆ, ಕೇಳಸ್ತು’ ಎಂದಳು. ‘ಅದು ಆಗ ಖರೇನ ಇತ್ತಲ್ಲ. ಓದಾಕ ಬರತಿದ್ದಿಲ್ಲ ನನಗ.’

ನನಗೆ ಸ್ವಲ್ಪ ಹಗುರವಾಯಿತು. ಆಗುವಷ್ಟರಲ್ಲಿ ಅವಳು ದಾರ ಹಲ್ಲಿನಿಂದ ಕಚ್ಚಿ ಹರಿದು, ಬಟ್ಟೆ ಮಡಚುತ್ತಾ ಮುಂದಕ್ಕೆ ಹೇಳಿದಳು.

‘ಮಾಸ್ತರೂ ನೀನೂ ಕೂಡೇ ಬಂದ್ರಿ ನೋಡು, ಅವತ್ತ ನಾ ಪುಸ್ತಕ ಹಿಡಕೊಂಡು ಬಾಗಲದಾಗ ನಿಂತಿದ್ದೆ. ಯಾವ ಪಾಠ ಓದಬೇಕಂತ ಮೊದಲ ನೋಡಿ ಇಟ್ಕೊಂಡಿದ್ದೆ. ಅಪ್ಪ ಮಾಸ್ತರನ್ನ ಕೇಳಿದಾ, ನಿನ್ನ ಕೇಳಿದಾ. ಓದಿ ತೋರಸು ಅಂತ ನನಗ ಯಾರೂ ಅನ್ನಲಿಲ್ಲ.’

ಆಮೇಲೆ ಚಹಾ ಮಾಡುತ್ತೇನೆ ಎಂದು ಎದ್ದು ಹೋದಳು.

ಅಂದಿನಿಂದ ಆ ಮಧ್ಯಾಹ್ನವನ್ನು ನೆನಪಿಸಿಕೊಳ್ಳಲು ನೋಡುತ್ತಿದ್ದೇನೆ. ಚಾಪೆ ನೆನಪಿದೆ. ಜೋಶಿ ಮಾಸ್ತರರು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದು, ಮೌಲಾಸಾಬನ ಕೈಗೆ ಹತ್ತಿದ್ದ ಪಂಕ್ಚರ್ ಸೊಲ್ಯೂಷನ್ನಿನ ವಾಸನೆ, ಬಸಿಯಲ್ಲಿ ಆರಿದ ಚಹಾ, ಎಲ್ಲ ನೆನಪಿದೆ. ನಾನು ಕುಳಿತಿದ್ದು ಒಳಬಾಗಿಲಿಗೆ ಎದುರಾಗಿಯೇ. ಆ ಬಾಗಿಲಲ್ಲಿ ಅವಳು ನಿಂತಿದ್ದಳೇ ಎಂದು ಎಷ್ಟು ನೋಡಿದರೂ ನನಗೆ ಬರೀ ಬಾಗಿಲೇ ಕಾಣುತ್ತದೆ.